ಗೋಡೆ ಕಳಚಿದ ಕೋಶದಿಂದ ಕಡಲ ಪಾಚಿಯ ಬಿತ್ತನೆ

ಯಾದಗಿರಿಯಿಂದ ಅರಬ್ಬಿ ಸಮುದ್ರ 350 ಕಿ.ಮೀ.ಗೂ ಹೆಚ್ಚು ದೂರ. ಹಾಗಿದ್ದರೂ ಶಹಾಪುರ, ಸುರಪುರದ ಕಡೆ ಕಾಲುವೆ ನೀರಿನಲ್ಲಿ ಭತ್ತ, ಹತ್ತಿ ಬೆಳೆಯುವ ರೈತರಿಗೆ ಕಡಲ ಪಾಚಿ ತೀರಾ ಅಪರಿಚಿತವಲ್ಲ. ಗೊಬ್ಬರದ ಅಂಗಡಿಗಳಲ್ಲಿ ಮಾರಾಟವಾಗುವ ಇಫ್ಕೊದ ‘ಸಾಗರಿಕಾ’ ಕೆಂಪು ಮತ್ತು ಕಂದು ಪಾಚಿಗಳ ರಸ. ಅದರ ತಂತ್ರಜ್ಞಾನ ಗುಜರಾತಿನ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯದು.

ಬೇಡಿಕೆಯೇನೋ ಇದೆ, ಬಿತ್ತನೆಯದೇ ತೊಡಕು. ಇದೇ ಸಂಸ್ಥೆ 1984ರಲ್ಲಿ ಜಪಾನಿನಿಂದ ತಂದ ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯನ್ನು ತಮಿಳುನಾಡಿನ ಮಂಡಪಂ ಕರಾವಳಿಯಲ್ಲಿ ಬೆಳೆಯುತ್ತಾರೆ. ಕಬ್ಬಿನ ಹಾಗೆ ಇದಕ್ಕೂ ತುಂಡೇ ಬೀಜ. ವರ್ಷಗಟ್ಟಲೆ ಅದೇ ತುಂಡನ್ನು ನೆಟ್ಟರೆ ಕಸುವು ಇಳಿಯುತ್ತದೆ, ಬಿಸಿಲಿನ ಝಳ ತಡೆಯುವುದಿಲ್ಲ. 2013ರ ನಂತರ ಅಲ್ಲಿ ಬೆಳೆ ಸತ್ತು ಇಳುವರಿ ಕುಸಿದದ್ದಕ್ಕೆ ಕಡಲ ನೀರು ಕಾದದ್ದೂ ಒಂದು ಕಾರಣ. ಹೊಸ, ಆರೋಗ್ಯವಂತ ಬಿತ್ತನೆ ಎಲ್ಲಿಂದ ತರುವುದು?

ಒಂದು ಉತ್ತರ ಪ್ರೋಟೋಪ್ಲಾಸ್ಟ್, ಅಂದರೆ ಗೋಡೆ ತೆಗೆದ ಜೀವಕೋಶ. 1960ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಡ್ವರ್ಡ್ ಕಾಕಿಂಗ್ ಅವರು ಶಿಲೀಂಧ್ರದ ಕಿಣ್ವ ಬಳಸಿ ಟೊಮೆಟೊ ಬೇರಿನ ಕೋಶಗಳ ಗೋಡೆ ಕರಗಿಸಿದರು. 1971ರಲ್ಲಿ ತಂಬಾಕಿನ ಇಂಥ ಬರಿಗೋಶಗಳಿಂದ ಪೂರ್ಣ ಗಿಡಗಳೇ ಬೆಳೆದವು.

ಈ ಕೆಲಸಕ್ಕೆ ಹಸಿರು ಪಾಚಿ ಹೇಳಿಮಾಡಿಸಿದ ವಸ್ತು. ಉಲ್ವಾ ಎಂಬ ಹಸಿರು ಪಾಚಿಯ ಹಾಳೆಯಲ್ಲಿ ಇರುವುದು ಎರಡೇ ಪದರ ಕೋಶ, ಮೊನೊಸ್ಟ್ರೋಮಾ ಎಂಬ ಇನ್ನೊಂದರಲ್ಲಿ ಒಂದೇ. ಆದರೆ ಅವುಗಳ ಗೋಡೆಯಲ್ಲಿ ಸೆಲ್ಯುಲೋಸ್ ಜೊತೆ ಗಂಧಕ ಬೆರೆತ ಉಲ್ವಾನ್ ಎಂಬ ಸಕ್ಕರೆಸರವೂ ಉಂಟು. ಅದಕ್ಕೇ ಸೆಲ್ಯುಲೇಸ್ ಕಿಣ್ವದ ಜೊತೆಗೆ ಪಾಚಿಯನ್ನೇ ತಿಂದು ಬದುಕುವ ಅಬಲೋನ್ ಎಂಬ ಕಡಲ ಮೃದ್ವಂಗಿಯ ಕರುಳಿನ ಕಿಣ್ವವನ್ನೂ ಬಳಸುವುದುಂಟು.

ಮೊದಲು ಎಳೆಯ ಪಾಚಿಯನ್ನು ಸೋಸಿದ ಕಡಲ ನೀರಿನಲ್ಲಿ ತೊಳೆದು, ಮೈಗೆ ಅಂಟಿದ ಜೀವಿಗಳನ್ನು ಬ್ರಷ್‌ನಿಂದ ಉಜ್ಜಿ ತೆಗೆಯುತ್ತಾರೆ. ಬ್ಲೇಡಿನಿಂದ ಒಂದು ಮಿಲಿಮೀಟರ್‌ನಷ್ಟು ಸಣ್ಣಗೆ ಹೆಚ್ಚಿ, ಮ್ಯಾನಿಟಾಲ್ ಅಥವಾ ಸಾರ್ಬಿಟಾಲ್ ಬೆರೆಸಿದ ಕಿಣ್ವದ್ರಾವಣದಲ್ಲಿ ಕೆಲವು ಗಂಟೆ ಮೆಲ್ಲಗೆ ಅಲುಗಾಡಿಸುತ್ತಾರೆ. ಈ ಸಕ್ಕರೆ ಆಲ್ಕೋಹಾಲ್‌ಗಳು ಇಲ್ಲದಿದ್ದರೆ ಗೋಡೆ ಕಳೆದುಕೊಂಡ ಕೋಶ ನೀರು ಹೀರಿ ಒಡೆದುಹೋಗುತ್ತದೆ. ಆಮೇಲೆ ನೈಲಾನ್ ಜಾಲರಿಯಲ್ಲಿ ಸೋಸಿ, ಸೆಂಟ್ರಿಫ್ಯೂಜನ್ನು ನಿಧಾನವಾಗಿ ತಿರುಗಿಸಿ ಕೋಶಗಳನ್ನು ತಳಕ್ಕಿಳಿಸುತ್ತಾರೆ. ಗೋಡೆ ಪೂರ್ತಿ ಹೋಗಿದೆಯೇ ಎಂದು ನೋಡಲು ಕ್ಯಾಲ್ಕೊಫ್ಲೋರ್ ಬಣ್ಣ ಹಾಕುತ್ತಾರೆ. ಗೋಡೆ ಉಳಿದಿದ್ದರೆ ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ.

ಒಂದು ಗ್ರಾಂ ಉಲ್ವಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಕೋಶಗಳು ಸಿಗಬಲ್ಲವು. ಪೋಷಕಾಂಶ ಬೆರೆಸಿದ ಕಡಲ ನೀರಿನಲ್ಲಿಟ್ಟರೆ ಅವು ಹೊಸ ಗೋಡೆ ಕಟ್ಟಿಕೊಂಡು, ಒಡೆದು ಎರಡಾಗಿ, ನಾಲ್ಕಾಗಿ ಮರಿಪಾಚಿಯಾಗುತ್ತವೆ. ಈ ಕ್ಷೇತ್ರದ ಅಡಿಪಾಯದಲ್ಲಿ ಭಾರತೀಯರ ಕೈಯೂ ಇದೆ. ಸಿ.ಆರ್.ಕೆ. ರೆಡ್ಡಿ ಅವರು ಜಪಾನಿನ ವಿಜ್ಞಾನಿಗಳ ಜೊತೆ 1989ರಲ್ಲಿ ಉಲ್ವಾದ ಮೂರು ಪ್ರಭೇದಗಳಲ್ಲಿ, 1991ರಲ್ಲಿ ಎಂಟೆರೊಮಾರ್ಫಾ ಎಂಬ ಹಸಿರು ಪಾಚಿಯಲ್ಲಿ ಇದನ್ನು ಸಾಧಿಸಿ ಪ್ರಕಟಿಸಿದರು. ಮುಂದೆ ಭಾವನಗರದ ಸಂಸ್ಥೆಯಲ್ಲಿ ಕಡಲ ಪಾಚಿಯ ಸಂಶೋಧನೆ ಮುಂದುವರಿಸಿದರು.

ಬಿತ್ತನೆಯೊಂದೇ ಇದರ ಫಲವಲ್ಲ. ಎರಡು ಬಗೆಯ ಪಾಚಿಗಳ ಬರಿಗೋಶಗಳನ್ನು ಬೆಸೆದು ಹೊಸ ತಳಿಗೆ ಪ್ರಯತ್ನಿಸಬಹುದು, ಜೀನ್ ಒಳಸೇರಿಸಿ ಅದರ ಕೆಲಸ ಅರಿಯಬಹುದು. ಮೀನು, ಸೀಗಡಿ ಕೊಳಗಳಿಂದ ಹೊರಬರುವ ನೀರಿನ ಅಮೋನಿಯಾ, ನೈಟ್ರೇಟ್ ಹೀರಿ ಬೆಳೆಯುವ ಉಲ್ವಾ ಮುಂದೆ ಅಬಲೋನ್‌ಗೆ ಮೇವಾಗುತ್ತದೆ. ಅಂಥ ಕೃಷಿಗೆ ವರ್ಷವಿಡೀ ಒಂದೇ ಗುಣದ ಮರಿಪಾಚಿ ಬೇಕು.

ಈ ಕೌಶಲವನ್ನು ಕಲಿಯಲು ಕಡಲ ದಂಡೆಯೇ ಬೇಕೆಂದಿಲ್ಲ. ಸಂತೆಯಲ್ಲಿ ಸಿಗುವ ಪಾಲಕ್ ಎಲೆಯಿಂದಲೂ ಸೆಲ್ಯುಲೇಸ್, ಪೆಕ್ಟಿನೇಸ್ ಬಳಸಿ ಪ್ರೋಟೋಪ್ಲಾಸ್ಟ್ ಬಿಡಿಸಬಹುದು. ಅದಕ್ಕೆ ಬೇಕಾದದ್ದು ಸೂಕ್ಷ್ಮದರ್ಶಕ, ಸಣ್ಣ ಸೆಂಟ್ರಿಫ್ಯೂಜ್, ಅಷ್ಟಿಷ್ಟು ಕಿಣ್ವ. ಯಾದಗಿರಿ, ಶಹಾಪುರ, ಸುರಪುರದ ಪದವಿ ಕಾಲೇಜುಗಳು ಮತ್ತು ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದ ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ಈ ಪ್ರಯೋಗವನ್ನು ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಲಿ. ಮಂಡಪಂ, ಭಾವನಗರದ ಪ್ರಯೋಗಾಲಯಗಳ ಬಾಗಿಲು ತಟ್ಟಲು ನಮ್ಮ ಮಕ್ಕಳಿಗೆ ಅದು ಮೊದಲ ತರಬೇತಿಯಾಗುತ್ತದೆ.