ಹಳೇ ಕಾರಿನ ಅಲಾರಾಂ ಮತ್ತು ವೈರಿಂಗ್ ಮೇಸ್ತ್ರಿ

ಹಳೆಯ ಕಾರು ಇಟ್ಟುಕೊಂಡವರಿಗೆ ಎಂಜಿನ್ ಮೇಸ್ತ್ರಿ ಸಿಗುವುದು ಅಂಥ ಕಷ್ಟವೇನಲ್ಲ. ಟಿಂಕರ್ ಸಿಗುತ್ತಾನೆ, ಪೇಂಟರ್ ಸಿಗುತ್ತಾನೆ, ಸೀಟಿಗೆ ರೆಕ್ಸಿನ್ ಹೊಲಿಯುವವನೂ ಸಿಗುತ್ತಾನೆ. ಸಿಗದವನು ಹಳೇ ವೈರಿಂಗ್ ಬಲ್ಲವನು. ಅದರಲ್ಲೂ ಎಂದೋ ಯಾರೋ ಕೂರಿಸಿಹೋದ ಕಳ್ಳರ ಅಲಾರಾಂ ಕೆಟ್ಟಿದೆ ಎಂದರೆ ‘ಕಿತ್ತು ಬಿಸಾಕಿ ಸಾರ್’ ಎನ್ನುವವರೇ ಹೆಚ್ಚು. ಕೀಳದೆ ರಿಪೇರಿ ಮಾಡುವ ಕೆಲವರು ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದಂಥ ಕಡೆ ಈಗಲೂ ಇದ್ದಾರೆ. ಅವರ ಕಸುಬಿನ ಮೊದಲ ಪಾಠ ಏನೆಂದರೆ, ಅಲಾರಾಂ ಕೂಗಿದರೆ ಅಲಾರಾಂ ಪೆಟ್ಟಿಗೆಗೆ ಮೊದಲು ಕೈ ಹಾಕಬಾರದು. ತಪ್ಪು ಬಹುಪಾಲು ಬೇರೆ ಕಡೆ ಇರುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1984ರಿಂದ 2002ರವರೆಗೆ ಹಿಂದೂಸ್ತಾನ್ ಮೋಟರ್ಸ್ ತಯಾರಿಸಿದ ಕಾಂಟೆಸ್ಸಾ, ಇವೆಲ್ಲ ಅಲಾರಾಂ ಕಾಲಕ್ಕಿಂತ ಮುಂಚಿನ ಲೆಕ್ಕಾಚಾರದ ಗಾಡಿಗಳು. ರಿಮೋಟ್ ಒತ್ತಿದರೆ ‘ಪೀಂ’ ಎನ್ನುವ ಶೋಕಿ 1990ರ ದಶಕದಲ್ಲಿ ಹಬ್ಬಿದಾಗ ಇವುಗಳಿಗೂ ಹೊರಗಿನಿಂದ ತಂದು ಹಾಕಿಸಿದರು. ಡ್ಯಾಶ್‌ಬೋರ್ಡ್ ಅಡಿಯಲ್ಲೊಂದು ಪೆಟ್ಟಿಗೆ, ಬಾನೆಟ್ ಒಳಗೆ ಸೈರನ್, ಬಾಗಿಲು ಬಾನೆಟ್ ಡಿಕ್ಕಿಗಳಿಗೆ ಒತ್ತುಗುಂಡಿಯ ಸ್ವಿಚ್‌ಗಳು, ಗಾಡಿ ಅಲುಗಿದರೆ ಗೊತ್ತುಮಾಡುವ ಸೆನ್ಸರ್, ಎಂಜಿನ್ ಏಳದಂತೆ ತಡೆಯಲು ಒಂದು ರಿಲೇ. ಕೂರಿಸುವವನಿಗೆ ಸಂಜೆಯೊಳಗೆ ಇನ್ನೊಂದು ಗಾಡಿ ಮುಗಿಸುವ ಅವಸರ. ಮೂಲ ವೈರಿನ ಸಿಪ್ಪೆ ಸುಲಿದು, ಹೊಸ ವೈರ್ ಸುತ್ತಿ, ಮೇಲೊಂದಿಷ್ಟು ಟೇಪ್ ಹಚ್ಚಿದರೆ ಮುಗಿಯಿತು. ಬಾನೆಟ್ಟಿನ ಶಾಖಕ್ಕೆ ಆ ಟೇಪಿನ ಅಂಟು ಕರಗಿ ಜಾರುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಇಂದಿನ ಮೇಸ್ತ್ರಿ ಹುಡುಕುವುದು ನಿಜವಾಗಿ ಅಂದಿನ ಆ ಕೈಯ ಗುರುತುಗಳನ್ನು.

ಆತ ಮೊದಲು ನೋಡುವುದು ಬ್ಯಾಟರಿ. ಗಾಡಿ ರಾತ್ರಿಯಿಡೀ ನಿಂತಿದ್ದರೆ ಒಳ್ಳೆಯ 12 ವೋಲ್ಟ್ ಬ್ಯಾಟರಿಯಲ್ಲಿ ಮೀಟರು 12.6ರ ಹತ್ತಿರ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅದು ಬಹುಪಾಲು ಖಾಲಿ. ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಹಳೆಯ ಕೆಲವು ಅಲಾರಾಂಗಳು ವೋಲ್ಟೇಜ್ ಕುಸಿತವನ್ನೇ ಕಾಯುತ್ತಿದ್ದವು. ಬಾಗಿಲು ತೆಗೆದಾಗ ಒಳಗಿನ ದೀಪ ಹೊತ್ತಿ ವೋಲ್ಟೇಜ್ ಕೊಂಚ ಇಳಿಯುತ್ತದಲ್ಲ, ಅದೇ ಅವಕ್ಕೆ ಕಳ್ಳ ಬಂದ ಸೂಚನೆ. ಬ್ಯಾಟರಿ ನಿತ್ರಾಣವಾದರೆ ಡ್ಯಾಶ್‌ಬೋರ್ಡಿನ ಗಡಿಯಾರ ತನಗೆ ತಾನೇ ಕೀ ಕೊಟ್ಟುಕೊಳ್ಳುವಾಗಿನ ಸಣ್ಣ ಎಳೆತಕ್ಕೂ ಸೈರನ್ ಬೊಬ್ಬಿಡುತ್ತದೆ. ನೆರೆಯವರು ಬೈಯುವುದು ಕಾರಿನ ಯಜಮಾನನನ್ನು. ತಂಟೆ ಮಾಡಿದ್ದು ಗಡಿಯಾರ.

ಮಳೆಗಾಲದಲ್ಲಿ ಮಾತ್ರ ಕೂಗುವ ಗಾಡಿಯಾದರೆ ಅನುಮಾನ ನೇರವಾಗಿ ಬಾನೆಟ್ ಸ್ವಿಚ್ಚಿನ ಮೇಲೆ. ಈ ಪುಟ್ಟ ಗುಂಡಿಯ ಕೆಲಸ ಸರಳ. ಬಾನೆಟ್ ಮುಚ್ಚಿದಾಗ ಒತ್ತಿಕೊಂಡು ಸಂಪರ್ಕ ಬಿಡುತ್ತದೆ, ತೆರೆದಾಗ ಮೇಲೆದ್ದು ವೈರನ್ನು ಗಾಡಿಯ ತಗಡಿಗೆ, ಅಂದರೆ ಅರ್ತ್‌ಗೆ, ತಾಗಿಸುತ್ತದೆ. ಅದರ ಬುಡದಲ್ಲಿ ನೀರು ನಿಂತು ತುಕ್ಕು ಕಟ್ಟಿದರೆ ಒದ್ದೆ ತುಕ್ಕಿನ ಮೂಲಕವೇ ಕರೆಂಟ್ ಸೋರುತ್ತದೆ. ಪೆಟ್ಟಿಗೆ ಪಾಪ, ಬಾನೆಟ್ ತೆರೆದಿದೆ ಎಂದೇ ನಂಬುತ್ತದೆ. ಇದರ ಉಲ್ಟಾ ರೋಗವೂ ಉಂಟು. ಹೊಸದಾಗಿ ಪೇಂಟ್ ಮಾಡಿಸಿದ ಗಾಡಿಯಲ್ಲಿ ಬಾಗಿಲ ಸ್ವಿಚ್ಚಿನ ಸ್ಕ್ರೂ ಅಡಿಗೆ ಬಣ್ಣ ಕೂತು ಅರ್ತ್ ತಪ್ಪುತ್ತದೆ. ಬಾಗಿಲು ತೆಗೆದರೂ ಅಲಾರಾಂಗೆ ಗೊತ್ತಾಗುವುದಿಲ್ಲ. ಮದ್ದು ಎರಡಕ್ಕೂ ಒಂದೇ. ಸ್ವಿಚ್ ಬಿಚ್ಚಿ, ಎಮರಿ ಪೇಪರಿನಿಂದ ತಗಡು ಹೊಳೆಯುವಂತೆ ಉಜ್ಜಿ, ಗ್ರೀಸ್ ಸವರಿ ಮತ್ತೆ ಬಿಗಿಯುವುದು. ಯಾವ ಸ್ವಿಚ್ ಎಂದು ತಿಳಿಯದಿದ್ದರೆ ಒಂದೊಂದೇ ವೈರ್ ಕಳಚಿ ರಾತ್ರಿ ಕಳೆಯಬೇಕು. ತಾಳ್ಮೆ ಇಲ್ಲದವನಿಗೆ ಈ ಕಸುಬು ಹತ್ತುವುದಿಲ್ಲ.

ಅರ್ತ್ ಸರಿಯಿದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳುವವರನ್ನು ನಾನಂತೂ ನಂಬುವುದಿಲ್ಲ. ದೀಪ ಹಚ್ಚಿ, ಬ್ಯಾಟರಿಯ ನೆಗೆಟಿವ್ ತುದಿಗೂ ಗಾಡಿಯ ತಗಡಿಗೂ ನಡುವೆ ಮೀಟರ್ ಇಟ್ಟಾಗ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಎಲ್ಲೋ ಜಾಯಿಂಟ್ ಸಡಿಲವಿದೆ ಎಂದೇ ಲೆಕ್ಕ.

‘ವಾರ ನಿಲ್ಲಿಸಿದರೆ ಸೆಲ್ಫ್ ಹೊಡೆಯಲ್ಲ, ಮೇಸ್ತ್ರಿ’ ಎಂಬುದು ಎರಡನೆಯ ದೂರು. ಆಗ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ನಡುವೆ ಮೀಟರನ್ನು ಸೇರಿಸಿ, ಎಲ್ಲ ಆರಿಸಿದ ಮೇಲೂ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅಳೆಯುತ್ತಾರೆ. 50 ಮಿಲಿಆಂಪಿಯರ್‌ವರೆಗೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಎಳೆದರೆ 50 ಆಂಪಿಯರ್-ಅವರ್ ಬ್ಯಾಟರಿ 100 ಗಂಟೆಯಲ್ಲಿ, ಅಂದರೆ ನಾಲ್ಕೇ ದಿನದಲ್ಲಿ ಬರಿದು. ಮುಂದಿನ ಹೆಜ್ಜೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮುಳ್ಳು ಯಾವಾಗ ಇಳಿಯುತ್ತದೆ ಎಂದು ನೋಡುವುದು. ಕಲಿಯುವ ಹುಡುಗರು ಎಡವುವುದು ಇಲ್ಲೇ. ಎಲ್ಲ ಫ್ಯೂಸು ಕಿತ್ತರೂ ಮುಳ್ಳು ಅಲುಗದಿದ್ದರೆ ಮೀಟರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅಲಾರಾಂ ಹಾಕಿದವನು ಫ್ಯೂಸ್ ಪೆಟ್ಟಿಗೆಗೆ ಹೋಗದೆ ನೇರವಾಗಿ ಬ್ಯಾಟರಿಯಿಂದ ವೈರ್ ಎಳೆದಿರುತ್ತಾನೆ, ಅಷ್ಟೆ. ಇನ್ನೊಂದು ಎಚ್ಚರ: ಮೀಟರ್ ನಡುವೆ ಇರುವಾಗ ಸೆಲ್ಫ್ ಹೊಡೆದರೆ ಮೀಟರಿನ ಒಳಗಿನ ಫ್ಯೂಸೇ ಹೋಗುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಎಂಜಿನ್ ತಡೆಯುವ ರಿಲೇ. ಸಿಗ್ನಲ್ಲಿನಲ್ಲಿ ಗಾಡಿ ಏಕಾಏಕಿ ಆಫ್ ಆಗುತ್ತದೆ, ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ. ಯಜಮಾನ ಕಾಯಿಲ್ ಬದಲಿಸುತ್ತಾನೆ, ಪೆಟ್ರೋಲ್ ಪಂಪ್ ಬದಲಿಸುತ್ತಾನೆ. ಕೊನೆಗೆ ವೈರಿಂಗ್ ಮೇಸ್ತ್ರಿ ರಿಲೇಯ 30 ಮತ್ತು 87ಎ ಕಾಲುಗಳ ನಡುವೆ ಟೆಸ್ಟ್ ಲ್ಯಾಂಪ್ ಹಿಡಿಯುತ್ತಾನೆ. ಸಾಮಾನ್ಯವಾಗಿ ಇಗ್ನಿಷನ್ ಕರೆಂಟ್ ಹರಿಯುವುದು ಆ ಜೋಡಿಯ ಮೂಲಕವೇ. ಒಳಗಿನ ಮುಖ ಸುಟ್ಟು ಕಪ್ಪಾಗಿದ್ದರೆ ಬಿಸಿಯಾದಾಗ ಸಂಪರ್ಕ ತಪ್ಪುತ್ತದೆ. ಕರೆಂಟ್ ಹರಿಯಬೇಕಾದಲ್ಲೇ ಲ್ಯಾಂಪ್ ಹೊತ್ತಿದರೆ ಕಳ್ಳ ಸಿಕ್ಕಂತೆ. ಈ ಅಂಕಿಗಳು ಜರ್ಮನಿಯ ಡಿಐಎನ್ ಮಾನಕದವು. ಭಾಷೆ ಬಾರದವನೂ ಈ ಅಂಕಿ ನೋಡಿ ಕೆಲಸ ಮಾಡಬಹುದು.

ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಇಂಥ ಸಹಾಯ ಬಣ್ಣದಿಂದ. ಲ್ಯೂಕಾಸ್ ಪದ್ಧತಿಯಲ್ಲಿ ಕಂದು ವೈರ್ ಬ್ಯಾಟರಿಯಿಂದ ನೇರ ಬಂದದ್ದು, ನೇರಳೆ ಫ್ಯೂಸ್ ದಾಟಿ ಸದಾ ಕರೆಂಟ್ ಇರುವುದು, ಬಿಳಿ ಇಗ್ನಿಷನ್, ಕಪ್ಪು ಅರ್ತ್. ಆದರೆ 1960ರ ದಶಕದ ಮಧ್ಯದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಇತ್ತು. ಅದನ್ನು ನೋಡದೆ ಈಗಿನ ಅಲಾರಾಂ ಜೋಡಿಸಿದರೆ ಪೆಟ್ಟಿಗೆ ಸುಟ್ಟಂತೆಯೇ.

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಕ್ಕೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಸಿಗುತ್ತದೆ. ಪದ್ಮಿನಿ ಎಂಬ ಹೆಸರು ಬರುವ ಮುಂಚಿನ ಫಿಯಟ್‌ಗಳೆಲ್ಲ ಈಗ ಆ ವಯಸ್ಸಿನವು. ಆದ್ದರಿಂದ ಮೂಲ ವೈರಿಗೆ ಕತ್ತರಿ ಹಾಕದೆ, ಬೇಕೆಂದಾಗ ಬಿಚ್ಚಿ ತೆಗೆಯಬಹುದಾದಂತೆ ಪ್ರತ್ಯೇಕ ವೈರಿಂಗ್ ಮಾಡಿ, ಸಾಲ್ಡರ್ ಹಾಕಿ ಸ್ಲೀವ್ ಏರಿಸುವ ಮೇಸ್ತ್ರಿಗೆ ಬೆಲೆ ಬಂದಿದೆ. ಸೈರನ್ನಿನ ಸದ್ದೇ ಬೇಡ ಎನ್ನುವವರಿಗೆ ಇವರು ಬ್ಯಾಟರಿ ಕಟ್-ಆಫ್ ಸ್ವಿಚ್ ಹಾಕಿಕೊಡುತ್ತಾರೆ. ಅಗ್ಗ, ಗಟ್ಟಿ, ಕರೆಂಟ್ ಸೋರುವ ಪ್ರಶ್ನೆಯೂ ಇಲ್ಲ. ಆದರೆ ಎಂಜಿನ್ ಓಡುವಾಗ ಅದನ್ನು ಮುಟ್ಟಬಾರದು. ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗಬಹುದು.