ಅಕ್ಷರವಿಲ್ಲದ ಶಾಸನಗಳು

ತಡಸದ ಸುತ್ತಲಿನ ನೆಲ ಶಾಸನಗಳ ನೆಲ. ಶಿಗ್ಗಾವಿ, ಹಾನಗಲ್ಲ, ಸವಣೂರು ಸೀಮೆಯ ಗುಡಿಗಳಲ್ಲಿ, ಕೆರೆಯ ದಂಡೆಗಳಲ್ಲಿ ಶಿಲಾಶಾಸನಗಳೂ ವೀರಗಲ್ಲುಗಳೂ ನಿಂತಿವೆ. ಕನ್ನಡ ಅಧ್ಯಾಪಕನಾದ ನಾನು ತರಗತಿಯಲ್ಲಿ ಚರಿತ್ರೆಯ ಮಾತೆತ್ತಿದೊಡನೆ ಇವುಗಳತ್ತ ಬೆರಳು ತೋರುವುದು ಸಹಜವೇ. ಆದರೆ ಅಕ್ಷರ ಕೆತ್ತಿಸಲು ಅರಸನಾಗಲಿ ದಾನಿಯಾಗಲಿ ಇಲ್ಲದ ಜನರ ಚರಿತ್ರೆಯನ್ನು ಎಲ್ಲಿ ಓದಬೇಕು?

ಛೋಟಾ ನಾಗಪುರದ ಮುಂಡಾ ಜನರಲ್ಲಿ ಇದಕ್ಕೊಂದು ಉತ್ತರವಿದೆ. ಹಿರಿಯರ ಅಸ್ಥಿಗಳ ಮೇಲೆ ಅವರು ಹಾಸುವ ‘ಸಸನದಿರಿ’ ಎಂಬ ಕಲ್ಲುಚಪ್ಪಡಿಗಳು ಬರಹವನ್ನು ಬೇಡುವುದಿಲ್ಲ. ಕಾಡು ಕಡಿದು ಊರು ಕಟ್ಟಿದ ವಂಶ ತಮ್ಮದೆಂಬುದಕ್ಕೆ ಆ ಕಲ್ಲುಗಳೇ ಅವರ ಹಕ್ಕುಪತ್ರ. ಜಮೀನ್ದಾರರ ಕಾಗದ ಈ ಕಲ್ಲನ್ನು ಮೀರಿ ನಿಂತಾಗ ಬಿರ್ಸಾ ಮುಂಡಾ 1899ರಲ್ಲಿ ‘ಉಲ್ಗುಲಾನ್’ ಎಂಬ ದಂಗೆಯನ್ನೆಬ್ಬಿಸಿದನು. ಮರುವರ್ಷ ರಾಂಚಿಯ ಸೆರೆಮನೆಯಲ್ಲಿ ತೀರಿಕೊಂಡನು. 1908ರ ಗೇಣಿ ಕಾಯಿದೆಯು ಆ ಮೂಲನಿವಾಸಿ ವಂಶಗಳ ಹಕ್ಕಿಗೆ ಮನ್ನಣೆಯಿತ್ತಿತು.

ಅಷ್ಟು ದೂರವೇಕೆ? ತಡಸದಿಂದ ಮುಂಡಗೋಡವನ್ನು ದಾಟಿ ಯಲ್ಲಾಪುರದ ಕಾಡಿನತ್ತ ಸಾಗಿದರೆ ಸಿದ್ದಿಯರ ಊರುಗಳು ಸಿಗುತ್ತವೆ. ಇವರ ಪೂರ್ವಿಕರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಪೋರ್ತುಗೀಜರು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರಿಗೆ ಘಟ್ಟದ ಕಾಡು ಆಶ್ರಯವಾಯಿತು. ಬೆನ್ನಟ್ಟುವವರಿಗೆ ಹೆದರಿ ಅಡಗಿದವರು ಕಲ್ಲು ನೆಡಿಸಿ ಹೆಸರು ಬರೆಸುವುದುಂಟೆ?

ಆದರೂ ನೆನಪು ಅಳಿಯಲಿಲ್ಲ. ಹಿಂದೂ, ಮುಸ್ಲಿಮ್, ಕ್ರೈಸ್ತ ಎಂದು ಮೂರು ಧರ್ಮಗಳಲ್ಲಿ ಹಂಚಿಹೋದ ಸಿದ್ದಿಯರನ್ನು ‘ಢಮಾಮಿ’ಯ ಬಡಿತ ಒಂದೇ ಅಂಗಳಕ್ಕೆ ಕರೆತರುತ್ತದೆ. ಅವರ ಹೆಣ್ಣುಮಕ್ಕಳು ಮನೆಮಂದಿಯ ಹಳೆಯ ಬಟ್ಟೆಗಳಿಂದ ಕೌದಿ ಹೊಲಿಯುತ್ತಾರೆ. ಹೊಲಿಗೆ ಒಂದು ಮೂಲೆಯಿಂದ ಹೊರಟು, ಅಂಚು ಸುತ್ತುತ್ತ, ನಡುವಿಗೆ ಬಂದು ನಿಲ್ಲುತ್ತದೆ. ಮೂಲೆಗಳಿಗೆ ‘ಹೂವು’ ಇಡದಿದ್ದರೆ ಕೌದಿ ಬತ್ತಲೆಯೆಂದೇ ಅವರ ಭಾವನೆ. ತೊಟ್ಟು ಸವೆಸಿದವರ ನೆನಪೂ ಅದರೊಳಗೆ ಸೇರಿಹೋಗುತ್ತದೆ.

ಇದು ಬರಿಯ ರಸಿಕತೆಯ ಮಾತಲ್ಲ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳವರು ಸೇರಿದ್ದು 2020ರಲ್ಲಿ. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳಂತೂ ಸರ್ಕಾರಿ ದಾಖಲೆಗಳ ಜತೆಗೆ ಹಿರಿಯರ ಹೇಳಿಕೆಯನ್ನೂ ಹಳೆಯ ಸ್ಮಶಾನಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಮುಂಡಾ ಜನರು ತಮ್ಮ ಕಲ್ಲುಗಳನ್ನು ತೋರಿಸಿ ಹೇಳುತ್ತ ಬಂದದ್ದೂ ಇದನ್ನೇ ಅಲ್ಲವೆ?

ಕಾಯಿದೆ ಒಪ್ಪಿದ್ದನ್ನು ವಿದ್ವತ್ತು ಒಪ್ಪಲು ತಡಮಾಡಬಾರದು. ಶಾಸನವನ್ನು ಓದುವ ನಮ್ಮ ವಿದ್ಯಾರ್ಥಿಗಳು ಕೌದಿಯನ್ನು ಹೊಲಿದ ಅಜ್ಜಿಯ ಮಾತನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿ ಬರೆದುಕೊಳ್ಳಲಿ. ಕಲ್ಲು ಕಾಯುತ್ತದೆ, ಅಜ್ಜಿ ಕಾಯಲಾರಳು.