ಬಿರುಗಾಳಿಯೂ ಬಾಡಿಗೆ ಮನೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂಬ ಮಾತನ್ನೂ ಅವರು ಸೇರಿಸಬಹುದಾಗಿತ್ತು. ಅಮೆರಿಕದ ಫ್ಲಾರಿಡಾ ಸಂಸ್ಥಾನದ ಪಶ್ಚಿಮ ತೀರದಲ್ಲಿ ಕೆಲವು ವರ್ಷ ಬಾಡಿಗೆದಾರನಾಗಿದ್ದ ನನಗೆ ಈ ಮಾತು ಪ್ರತಿ ವರ್ಷವೂ ವೈಶಾಖದ ಹೊತ್ತಿಗೆ ನೆನಪಾಗುತ್ತಿತ್ತು. ಏಕೆಂದರೆ ಆ ನಾಡಿನಲ್ಲಿ ಅದು ಬಿರುಗಾಳಿಗೆ ಮನೆಯನ್ನು ಸಿದ್ಧಗೊಳಿಸುವ ಕಾಲ.

ಹರಿಕೇನ್ ಎಂಬ ಹೆಸರು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ಟೈನೋ ಜನರ ಮಾತಿನಿಂದ ಬಂದುದು. ಜೂನ್ 1ರಿಂದ ನವೆಂಬರ್ 30ರವರೆಗೆ ಅಟ್ಲಾಂಟಿಕ್ ಸಾಗರದಲ್ಲಿ ಅದರ ಋತು. ನಾವು ಮಳೆಗಾಲದ ದಾರಿ ಕಾಯುತ್ತೇವೆ. ಅಲ್ಲಿಯವರು ಈ ಋತು ಸದ್ದಿಲ್ಲದೆ ಕಳೆದುಹೋಗಲೆಂದು ಹಾರೈಸುತ್ತಾರೆ. ಗಾಳಿಯ ವೇಗವನ್ನನುಸರಿಸಿ ಅದಕ್ಕೆ ಐದು ದರ್ಜೆಗಳು. ಐದನೆಯದರಲ್ಲಿ ಗಾಳಿ ಗಂಟೆಗೆ 157 ಮೈಲಿಗಿಂತ ಕಡಿಮೆ ಇರುವುದಿಲ್ಲ.

1992ರ ಆಗಸ್ಟ್ 24ರಂದು ದಕ್ಷಿಣ ಫ್ಲಾರಿಡಾಕ್ಕೆ ಬಡಿದ ಆಂಡ್ರ್ಯೂ ಈ ದರ್ಜೆಯದು. ಹೋಮ್‌ಸ್ಟೆಡ್ ಪಟ್ಟಣ ಮತ್ತು ಅದರ ಸುತ್ತಿನಲ್ಲಿ 25 ಸಾವಿರಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಅವಶೇಷಗಳನ್ನು ಪರೀಕ್ಷಿಸಿದವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಗಾಳಿ ಮನೆಯನ್ನು ಹೊರಗಿನಿಂದ ತಳ್ಳಿ ಕೆಡಹುವುದಷ್ಟೇ ಅಲ್ಲ, ಒಡೆದ ಕಿಟಕಿಯಿಂದಲೋ ಮುರಿದ ಗ್ಯಾರೇಜ್ ಬಾಗಿಲಿನಿಂದಲೋ ಒಳಹೊಕ್ಕು ಛಾವಣಿಯನ್ನು ಕೆಳಗಿನಿಂದಲೂ ಎತ್ತುತ್ತದೆ. ಮೇಲೆ ಸೆಳೆತ, ಕೆಳಗೆ ಒತ್ತಡ. ನಡುವೆ ನಾಲ್ಕಾರು ಮೊಳೆಗಳು ಏನು ಮಾಡಿಯಾವು? ಆದುದರಿಂದಲೇ 2002ರಲ್ಲಿ ಜಾರಿಗೆ ಬಂದ ಫ್ಲಾರಿಡಾದ ಕಟ್ಟಡ ಸಂಹಿತೆ ಬಿಗಿಯಾಯಿತು. ಛಾವಣಿಯ ತೊಲೆಗಳನ್ನು ಗೋಡೆಗೆ ಬಿಗಿಯುವ ಲೋಹದ ಪಟ್ಟಿ, ಗಾಳಿಯ ಪೆಟ್ಟನ್ನು ತಾಳಬಲ್ಲ ಕಿಟಕಿ ಬಾಗಿಲು, ಇವು ಅಲ್ಲಿ ಅಲಂಕಾರಗಳಲ್ಲ, ಪ್ರಾಣರಕ್ಷಕಗಳು. ಗಾಜಿಗೆ ಅಂಟುಪಟ್ಟಿ ಹಚ್ಚಿ ನಿಶ್ಚಿಂತರಾಗುವವರು ಈಗಲೂ ಉಂಟು. ಅದರಿಂದ ಗಾಜು ಒಡೆಯುವುದೇನೂ ತಪ್ಪುವುದಿಲ್ಲ.

ಇಷ್ಟೂ ಸ್ವಂತ ಮನೆಯವರ ಮಾತಾಯಿತು. ಬಾಡಿಗೆ ಮನೆಯ ಕಥೆ ಬೇರೆ. ಅಲ್ಲಿ ಗೋಡೆ ಒಬ್ಬರದು, ಗೋಡೆಯೊಳಗಿನ ಜೀವ ಇನ್ನೊಬ್ಬರದು. ಛಾವಣಿ, ಕಿಟಕಿ, ಬಾಗಿಲುಗಳನ್ನು ಸುಸ್ಥಿತಿಯಲ್ಲಿಡುವುದು ಸಾಮಾನ್ಯವಾಗಿ ಯಜಮಾನನ ಹೊಣೆಯೆಂದು ಅಲ್ಲಿನ ಕಾನೂನು ಹೇಳುತ್ತದೆ. ಆದರೆ ಬಿರುಗಾಳಿ ಎರಡು ದಿನದ ದೂರದಲ್ಲಿರುವಾಗ ಏಣಿ ಹತ್ತಿ ಕಿಟಕಿಗಳಿಗೆ ತಗಡು ಬಿಗಿಯುವವರು ಯಾರು? ಕರಾರುಪತ್ರ ಇದನ್ನು ಹೇಳದಿದ್ದರೆ, ಯಜಮಾನ ಬಾಡಿಗೆದಾರನತ್ತ, ಬಾಡಿಗೆದಾರ ಯಜಮಾನನತ್ತ ನೋಡುತ್ತ ಕೂರುತ್ತಾರೆ. ಗಾಳಿ ಇಬ್ಬರನ್ನೂ ನೋಡದೆ ನುಗ್ಗುತ್ತದೆ.

ನಮ್ಮ ಮನೆಯ ಯಜಮಾನರು ಸಾವಿರ ಮೈಲಿ ದೂರದಲ್ಲಿದ್ದರು. ಗ್ಯಾರೇಜಿನ ಮೂಲೆಯಲ್ಲಿ ಉಕ್ಕಿನ ತಗಡುಗಳ ಅಟ್ಟಿಯೇನೋ ಇತ್ತು. ಯಾವುದು ಯಾವ ಕಿಟಕಿಗೆ ಎಂಬ ಗುರುತಿಲ್ಲ, ಬಿಗಿಯುವ ನಟ್ಟುಗಳು ಅರ್ಧದಷ್ಟಿಲ್ಲ. ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ವೃದ್ಧೆಗೆ ಒಂದು ತಗಡನ್ನು ಎತ್ತುವ ಶಕ್ತಿಯೂ ಇರಲಿಲ್ಲ. ಆಕೆ ಗೊಣಗದೆ, ಯಜಮಾನರಿಗೆ ಒಂದು ಪತ್ರ ಬರೆದರು: ‘ಬಾಡಿಗೆಯನ್ನು ತಪ್ಪದೆ ಒಂದನೆಯ ತಾರೀಖು ಕಳುಹಿಸುತ್ತಿದ್ದೇನೆ. ಬಿರುಗಾಳಿಯ ದಿನ ನನ್ನ ಕಿಟಕಿ ಮುಚ್ಚುವವರ ಹೆಸರನ್ನು ದಯವಿಟ್ಟು ತಿಳಿಸಿ.’ ಹಣವನ್ನಲ್ಲ, ರಿಯಾಯಿತಿಯನ್ನಲ್ಲ, ಆಕೆ ಕೇಳಿದ್ದು ಒಂದು ಹೆಸರನ್ನು. ಏಪ್ರಿಲ್ ತಿಂಗಳಲ್ಲಿ ಯಜಮಾನರು ತಾವೇ ಬಂದರು. ಒಂದು ಇಡೀ ದಿನ ನಾವಿಬ್ಬರೂ ತಗಡುಗಳನ್ನು ಕಿಟಕಿಗಳಿಗೆ ಹೊಂದಿಸಿ ನೋಡಿ ಬಣ್ಣದಲ್ಲಿ ಅಂಕೆ ಬರೆದೆವು. ಒಣಕೊಂಬೆ ಕಡಿಸಿ, ಛಾವಣಿಯ ನೀರುದೋಣಿಗಳನ್ನು ಶುಚಿಗೊಳಿಸಿದೆವು. ಎಚ್ಚರಿಕೆ ಹೊರಟೊಡನೆ ಬಂದು ತಗಡು ಹಾಕಲು ಊರಿನ ಬಡಗಿಯೊಬ್ಬನನ್ನು ಗೊತ್ತುಮಾಡಿ, ಆತನ ಹೆಸರನ್ನು ಕರಾರಿಗೆ ಸೇರಿಸಲಾಯಿತು. ಋತು ಪೂರ್ತಿ ತಗಡು ಹಾಕಿಯೇ ಬಿಡೋಣವೆಂದು ನಾನೆಂದಾಗ ಆ ಬಡಗಿ ನಕ್ಕು, ‘ರಾತ್ರಿ ಬೆಂಕಿ ಬಿದ್ದರೆ ಯಾವ ಕಿಟಕಿಯಿಂದ ಹಾರುವಿರಿ?’ ಎಂದು ಕೇಳಿದ.

ಗಾಳಿಗಿಂತ ನೀರು ಹೆಚ್ಚು ಕ್ರೂರಿ. 2022ರ ಸೆಪ್ಟೆಂಬರ್ 28ರಂದು ಇಯಾನ್ ಬಂದಾಗ ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ಸಮುದ್ರ ನೆಲದಿಂದ ಹತ್ತು ಹದಿನೈದು ಅಡಿ ಮೇಲೇರಿತು. ಅದನ್ನು ಯಾವ ತಗಡೂ ತಡೆಯಲಾರದು. ಗಾಳಿಯಿಂದ ಅಡಗಿಕೊ, ನೀರಿನಿಂದ ಓಡು ಎಂಬುದು ಆ ಕರಾವಳಿಯ ಉಪದೇಶ. ತನ್ನ ಮನೆ ಯಾವ ತೆರವು ವಲಯದಲ್ಲಿದೆ ಎಂಬುದನ್ನು ಬಾಡಿಗೆದಾರ ಮನೆ ಹಿಡಿಯುವ ದಿನವೇ ಕೇಳಿ ತಿಳಿಯಬೇಕು. ಯಜಮಾನ ಕೇಳದಿದ್ದರೂ ಹೇಳಬೇಕು.

ವಿಮೆಯಲ್ಲಿಯೂ ಇದೇ ಇಬ್ಭಾಗ. ಯಜಮಾನನ ವಿಮೆ ಕಟ್ಟಡವನ್ನು ಕಾಯುತ್ತದೆ. ಬಾಡಿಗೆದಾರನ ಮಂಚ, ಪುಸ್ತಕ, ಪಾತ್ರೆಗಳನ್ನಲ್ಲ. ಅವಕ್ಕೆ ಆತ ಬೇರೆ ವಿಮೆ ಮಾಡಿಸಬೇಕು. ಸಾಮಾನ್ಯ ವಿಮೆಗಳು ನೆರೆಯ ನಷ್ಟವನ್ನು ಕಟ್ಟಿಕೊಡುವುದಿಲ್ಲ. ಅದಕ್ಕೆಂದು 1968ರಲ್ಲಿ ಅಮೆರಿಕದ ಸರ್ಕಾರ ಸ್ಥಾಪಿಸಿದ ನೆರೆ ವಿಮೆಯ ಯೋಜನೆಯಿದೆ. ಆದರೆ ಅದು ಸಾಮಾನ್ಯವಾಗಿ ಮಾಡಿಸಿದ 30 ದಿನಗಳ ಅನಂತರವೇ ಜೀವ ತಳೆಯುವುದು. ಮೇ ತಿಂಗಳ ಆರಂಭದೊಳಗೆ ಎಚ್ಚೆತ್ತವನಿಗೆ ಮಾತ್ರ ಜೂನ್ 1ರಂದು ನೆಮ್ಮದಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ನಮ್ಮ ಗಾದೆಯನ್ನು ಅಲ್ಲಿನ ವಿಮೆಯವರು ಕೇಳಿರಲಾರರು. ಅವರ ನಿಯಮವಂತೂ ಅದರ ಭಾಷ್ಯದಂತಿದೆ.

ಬಾಡಿಗೆಯ ಸಂಬಂಧವನ್ನು ನಾವು ಹಣದ ಸಂಬಂಧವೆಂದೇ ಎಣಿಸುತ್ತೇವೆ. ಬಹುಪಾಲು ದಿನಗಳಲ್ಲಿ ಅದು ಹಾಗೆಯೇ ಸಾಗುತ್ತದೆ. ಆದರೆ ಒಬ್ಬನ ಸೂರಿನಡಿ ಇನ್ನೊಬ್ಬ ಮಲಗುವುದೆಂದರೆ, ಅವನ ನಿದ್ರೆಗೆ ಇವನು ಹೊಣೆಯಾದಂತೆ. ಆ ಸೂರಿನ ಕ್ಷೇಮಕ್ಕೆ ಅವನೂ ಹೊಣೆಯಾದಂತೆ. ಆಕಾಶ ನಿರ್ಮಲವಾಗಿರುವಾಗಲೇ ಇಬ್ಬರೂ ಎದುರುಬದುರು ಕುಳಿತು, ಯಾವ ಕೆಲಸ ಯಾರದೆಂದು ಬರೆದುಕೊಳ್ಳುವುದರಲ್ಲಿ ಅಪನಂಬಿಕೆಯೇನೂ ಇಲ್ಲ. ಅದು ಪರಸ್ಪರರ ಕ್ಷೇಮವನ್ನು ಬಯಸುವ ಒಂದು ರೀತಿಯೇ ಸರಿ.